ಲ್ಯಾಪ್‌ಟಾಪ್ ಬಾರಿಸೋದು ಅಂದ್ರೇನು?

ಮದುವೆ ಮನೆಯಲ್ಲಿ ನನಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಹೋದ ವರ್ಷ ಹುಬ್ಬಳ್ಳಿಯಲ್ಲಿ ಸೋದರಮಾವ ಊಟದ ಪಂಕ್ತಿಯಲ್ಲೇ ಕೇಳಿದರು. "ಹೌದನ ತಮ್ಮಾ, ನೀ ಸಂಗೀತ ಮಾಡ್ತೀ ಅಂತಾರಲ್ಲ, ಏನ್ ಬಾರಸ್ತೀ?"

"ಲ್ಯಾಪ್‌ಟಾಪ್, ಮಾಮಾ."

"ಅದನ್ನೇನ್ ಬಾರಸೂದು? ಗುರುಗಳು ಯಾರು?"

ಈ ಎರಡನೇ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ತಮಾಷೆಗೆ ಕೇಳುವುದಿಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಓಡಾಡಿದ ಊರುಗಳಿವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ನಾಡಿನ ತುಂಬ ಹಾಡುತ್ತಿದ್ದಾರೆ. ಇಂಥ ಜಾಗದಲ್ಲಿ ಕೂತು "ನಾನು ರೈಲು, ಮಗ್ಗ, ಹಕ್ಕಿ ಎಲ್ಲ ರೆಕಾರ್ಡ್ ಮಾಡಿ ಅದರಿಂದ ಹಾಡು ಕಟ್ಟುತ್ತೇನೆ" ಅಂದರೆ ಜನ ಒಂದು ಥರಾ ನೋಡುತ್ತಾರೆ. ಅವತ್ತು ಹೋಳಿಗೆ ತಣ್ಣಗಾಗುತ್ತದೆ ಅಂತ ಮಾಮಾಗೆ ಪೂರ್ತಿ ಹೇಳಲಿಲ್ಲ. ಈಗ ಹೇಳುತ್ತೇನೆ.

ಎಲೆಕ್ಟ್ರಾನಿಕ್ ಸಂಗೀತ ಅಂದ ತಕ್ಷಣ ಡಿಜೆ, ಮೆರವಣಿಗೆ, ಎದೆ ನಡುಗಿಸುವ ಸ್ಪೀಕರ್ ನೆನಪಾಗುತ್ತವೆ. ಆದರೆ ಮಾಮಾನ ಮನೆಯಲ್ಲೇ ಒಂದು ಎಲೆಕ್ಟ್ರಾನಿಕ್ ವಾದ್ಯ ಇದೆ. ಮಗಳು ರಿಯಾಜ್‌ಗೆ ಕೂತಾಗ ಹಚ್ಚುವ ತಂಬೂರಿ ಪೆಟ್ಟಿಗೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಮಾಡಿದ ಎಲೆಕ್ಟ್ರಾನಿಕ್ ತಂಬೂರಿಯ ವಂಶ ಅದು. ತಂತಿ ಇಲ್ಲ, ಬುರುಡೆ ಇಲ್ಲ, ಆದರೂ ಯಾರೂ ಅದನ್ನು ಡಿಜೆ ಅನ್ನುವುದಿಲ್ಲ. ನನ್ನ ಕೆಲಸ ಆ ಪೆಟ್ಟಿಗೆಯಿಂದ ಬಹಳ ದೂರದ್ದಲ್ಲ. ಒಂದೇ ವ್ಯತ್ಯಾಸ: ನನ್ನ ಪೆಟ್ಟಿಗೆಯೊಳಗೆ ಊರಿನ ಶಬ್ದಗಳಿರುತ್ತವೆ.

ಇದು ಹೊಸ ಹುಚ್ಚೂ ಅಲ್ಲ. ಈಜಿಪ್ಟಿನ ಹಲೀಮ್ ಎಲ್-ದಬ್ 1944ರಲ್ಲೇ ಕೈರೋದ ಝಾರ್ ಆಚರಣೆಯ ಹಾಡನ್ನು ತಂತಿಯ ಮೇಲೆ ರೆಕಾರ್ಡ್ ಮಾಡುವ ಯಂತ್ರದಲ್ಲಿ ಹಿಡಿದು, ಅದನ್ನೇ ತಿದ್ದಿ ತೀಡಿ ಹೊಸ ಕೃತಿ ಮಾಡಿದ್ದರು. 1948ರಲ್ಲಿ ಫ್ರೆಂಚ್ ರೇಡಿಯೋದ ಎಂಜಿನಿಯರ್ ಪಿಯರ್ ಶೆಫರ್ ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣಕ್ಕೆ ಹೋಗಿ ಎಂಜಿನ್ನುಗಳ ಸದ್ದು ತಂದರು. ಆಗ ಅವರ ಕೈಯಲ್ಲಿ ಟೇಪ್ ಇರಲಿಲ್ಲ, ಗ್ರಾಮೊಫೋನ್ ತಟ್ಟೆ ಇತ್ತು. ತಟ್ಟೆಯ ಗೆರೆ ಸಾಮಾನ್ಯವಾಗಿ ಸುರುಳಿಯಾಗಿ ಒಳಗೆ ಹೋಗುತ್ತದೆ. ಅದನ್ನು ಉಂಗುರದ ಹಾಗೆ ಮುಚ್ಚಿಬಿಟ್ಟರೆ ಮುಳ್ಳು ಅಲ್ಲಲ್ಲೇ ಸುತ್ತುತ್ತದೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯಲ್ಲಿ ಒಂದು ಸುತ್ತು ಸುಮಾರು ಮುಕ್ಕಾಲು ಸೆಕೆಂಡು. ಆ ಮುಕ್ಕಾಲು ಸೆಕೆಂಡಿನ ರೈಲು ಮತ್ತೆ ಮತ್ತೆ ಬಂದಾಗ ಅದು ರೈಲಾಗಿ ಉಳಿಯಲಿಲ್ಲ, ಲಯ ಆಯಿತು. ಇವತ್ತು ನಾವು ಲೂಪ್ ಅನ್ನುವುದು ಇದನ್ನೇ.

ನಮ್ಮ ದೇಶದಲ್ಲೂ ತಡವಾಗಲಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಯಂತ್ರ) ಇಟ್ಟು ಒಂದು ಸ್ಟುಡಿಯೋ ಮಾಡಿದ್ದರು. ಅಲ್ಲಿನ ಟೇಪುಗಳು ಹೊರ ಜಗತ್ತಿನ ಕಣ್ಣಿಗೆ ಬಿದ್ದಿದ್ದು ಮಾತ್ರ 2017ರಲ್ಲಿ. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲಿ ಮೂರು ಜಪಾನಿ ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆ ಆದಾಗ ಜಗತ್ತೇ ತಿರುಗಿ ನೋಡಿತು. ಮಾಮಾ ಕೇಳಿದ ಗುರುಗಳ ಪ್ರಶ್ನೆಗೆ ಸದ್ಯಕ್ಕೆ ಇವರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಮೊದಲು ಶಬ್ದ ಹಿಡಿಯುವುದು

ಸ್ಟುಡಿಯೋ ಬಿಟ್ಟು ಹೊರಗೆ ಹೋಗಿ, ಶಬ್ದ ಇರುವ ಜಾಗದಲ್ಲೇ ಹಿಡಿಯುವುದಕ್ಕೆ ಫೀಲ್ಡ್ ರೆಕಾರ್ಡಿಂಗ್ ಅನ್ನುತ್ತೇವೆ. ಒಂದು ಕೈಯಲ್ಲಿ ಹಿಡಿಯುವ ರೆಕಾರ್ಡರ್, ಒಂದು ಹೆಡ್‌ಫೋನ್, ಮೈಕಿಗೆ ಹಾಕುವ ಕೂದಲಿನ ಟೊಪ್ಪಿಗೆ. ಈ ಟೊಪ್ಪಿಗೆ ನೋಡಿ "ಏನ್ರೀ ಅದು, ಬೆಕ್ಕಿನಮರಿ?" ಅಂತ ಕೇಳದವರಿಲ್ಲ. ಆದರೆ ಅದಿಲ್ಲದೆ ನಮ್ಮ ಕಡೆ ಏನೂ ಆಗದು. ಗದಗ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಬರೀ ಮೈಕಿಗೆ ಆ ಗಾಳಿ ಬಡಿದರೆ ಗುಡುಗಿನ ಹಾಗೆ ಕೇಳುತ್ತದೆ. ಕೂದಲು ಗಾಳಿಯ ರಭಸವನ್ನು ಒಡೆಯುತ್ತದೆ, ಶಬ್ದವನ್ನು ಮಾತ್ರ ಒಳಗೆ ಬಿಡುತ್ತದೆ.

ಇದನ್ನು ನಾನು ಕಲಿತದ್ದು ಮಾಗಡಿ ಕೆರೆಯ ದಂಡೆಯಲ್ಲಿ, ಕೈ ಸುಟ್ಟುಕೊಂಡು. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಕೆರೆಗೆ ರಾಮ್ಸಾರ್ ತಾಣದ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆಯೂ ಸಿಕ್ಕಿತು. ಹಗಲು ನೀರಿನಲ್ಲಿ ಇರುತ್ತವೆ, ಕತ್ತಲಾಗುತ್ತಿದ್ದಂತೆ ಹೊಲಗಳ ಕಡೆ ಮೇಯಲು ಏಳುತ್ತವೆ. ಸಾವಿರಾರು ರೆಕ್ಕೆ ಒಟ್ಟಿಗೆ ಎದ್ದಾಗ ನೀರೇ ಎದ್ದು ನಿಂತ ಹಾಗೆ ಸದ್ದು. ಮೊದಲ ಸಲ ಹೋದಾಗ ಟೊಪ್ಪಿಗೆ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಎರಡು ತಾಸಿನ ರೆಕಾರ್ಡಿಂಗ್‌ನಲ್ಲಿ ಗಾಳಿ ಇತ್ತು, ಹೆಬ್ಬಾತು ಇರಲಿಲ್ಲ.

ಮೈಕಿಗೆ ಬಡಿದ ಶಬ್ದ ಕಂಪ್ಯೂಟರಿಗೆ ಹೇಗೆ ಹೋಗುತ್ತದೆ? ಶಬ್ದ ಅಂದರೆ ಗಾಳಿಯ ಒತ್ತಡದ ಏರಿಳಿತ. ರೆಕಾರ್ಡರ್ ಆ ಏರಿಳಿತವನ್ನು ಸೆಕೆಂಡಿಗೆ 48,000 ಸಲ ಅಳೆದು ಬರೆದಿಡುತ್ತದೆ. ಇಷ್ಟು ಸಲ ಯಾಕೆ? ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನ ಕೇಳುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆಯಬೇಕು. ಹಾಗಾಗಿ 40,000 ದಾಟಲೇಬೇಕು. ಒಂದೊಂದು ಅಳತೆಗೆ 24 ಬಿಟ್, ಎಡ-ಬಲ ಎರಡು ಕಡೆ. ಲೆಕ್ಕ ಹಾಕಿದರೆ ಒಂದು ತಾಸಿಗೆ ಸುಮಾರು ಒಂದು ಜಿಬಿ. ನಾನು ಹೆಬ್ಬಾತಿಗೆ 96,000 ಇಟ್ಟುಕೊಳ್ಳುತ್ತೇನೆ. ಅದನ್ನು ಆಮೇಲೆ ಅರ್ಧ ವೇಗದಲ್ಲಿ ನುಡಿಸುತ್ತೇನಲ್ಲ, ಅದಕ್ಕೆ. ಅರ್ಧ ವೇಗಕ್ಕೆ ಇಳಿಸಿದರೆ ಸ್ವರ ಸರಿಯಾಗಿ ಒಂದು ಸಪ್ತಕ ಕೆಳಗೆ ಬರುತ್ತದೆ, ನಮಗೆ ಕೇಳದಿದ್ದ ಮೇಲಿನ ಸೂಕ್ಷ್ಮಗಳೂ ಇಳಿದು ಬಂದು ಕೇಳತೊಡಗುತ್ತವೆ. ಹೆಬ್ಬಾತಿನ ಕೂಗು ಹಾಗೆ ಇಳಿದಾಗ ದೊಡ್ಡಾಟದ ಹಿಮ್ಮೇಳದಲ್ಲಿ ಯಾರೋ ಮುದುಕರು ಆ... ಅಂದ ಹಾಗಿರುತ್ತದೆ.

ರೈಲಿನ ಸಂಗತಿ ಇನ್ನೂ ಮಜಾ. ಹುಬ್ಬಳ್ಳಿ ನಿಲ್ದಾಣದ ಉದ್ದ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, 1507 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಅಂದರೆ ಈ ತುದಿಯಲ್ಲಿ ಎಂಜಿನ್ ಕೂಗಿದರೆ ಆ ತುದಿಯಲ್ಲಿ ನಿಂತವನಿಗೆ ಅದು ಕೇಳುವುದು ನಾಲ್ಕು ಸೆಕೆಂಡು ಕಳೆದ ಮೇಲೆ! ಇಷ್ಟು ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ಸ್ಪೀಕರ್ ಇಟ್ಟು "ಪ್ರಯಾಣಿಕರ ಗಮನಕ್ಕೆ" ಅಂದಾಗ ಹತ್ತಿರದ ಸ್ಪೀಕರಿನ ಮಾತು ಮೊದಲು, ದೂರದ್ದು ಆಮೇಲೆ, ಅದರಾಚೆಯದು ಇನ್ನೂ ಆಮೇಲೆ ಬರುತ್ತದೆ. ಈ ಪರಿಣಾಮಕ್ಕೆ ಸಾಫ್ಟ್‌ವೇರಿನಲ್ಲಿ ಡಿಲೇ ಅಂತ ಹೆಸರು, ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮಗೆ ಪ್ಲಾಟ್‌ಫಾರ್ಮ್ ಟಿಕೆಟಿನ ಬೆಲೆಗೆ ಸಿಗುತ್ತದೆ.

ಹಾಗೇ ಅಣ್ಣಿಗೇರಿ ದಾಟಿ ಗದಗಿನ ಕಡೆ ಹಳಿಯಿಂದ ಸ್ವಲ್ಪ ದೂರದ ಬದುವಿನ ಮೇಲೆ ಕೂತು ಕೇಳಿ. ಓಡುವ ರೈಲಿನ ಹಾರ್ನ್ ಹತ್ತಿರ ಬರುವಾಗ ಏರಿರುತ್ತದೆ, ದಾಟಿದ ಕೂಡಲೇ ಇಳಿಯುತ್ತದೆ. ಎಷ್ಟು ಇಳಿಯುತ್ತದೆ? ಗಂಟೆಗೆ 72 ಕಿ.ಮೀ. ವೇಗದ ರೈಲಾದರೆ ಹೆಚ್ಚು ಕಡಿಮೆ 9ಕ್ಕೆ 8ರ ಅನುಪಾತ. ಸಂಗೀತ ಕಲಿತವರಿಗೆ ಈ ಲೆಕ್ಕ ಗೊತ್ತು. ಪಂಚಮಕ್ಕೂ ಶುದ್ಧ ಮಧ್ಯಮಕ್ಕೂ ಇರುವ ಅಂತರ ಅದು. ರೈಲು ಪ ಅನ್ನುತ್ತಾ ಬಂದು ಮ ಅನ್ನುತ್ತಾ ಹೋಯಿತು. ನನ್ನ ಒಂದು ಟ್ರ್ಯಾಕಿನ ಪಲ್ಲವಿಯೇ ಇದು.

ಎಲ್ಲ ಶಬ್ದವೂ ಗಾಳಿಯಲ್ಲಿ ಬರಬೇಕಿಲ್ಲ. ಬೆಟಗೇರಿಯಲ್ಲಿ ಒಬ್ಬ ನೇಕಾರರ ಮನೆಯ ಕುಣಿಮಗ್ಗಕ್ಕೆ ನಾನು ಮೈಕ್ ಹಿಡಿಯಲಿಲ್ಲ, ಅಂಟಿಸಿದೆ. ಪೀಜೋ ಅಂತ ಒಂದು ಹಿತ್ತಾಳೆಯ ಬಿಲ್ಲೆ ಬರುತ್ತದೆ, ಬಜರ್‌ಗಳ ಒಳಗೆ ಇರುತ್ತದಲ್ಲ, ಅದೇ. ಒಂದು ಚಹಾದ ದುಡ್ಡಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕಟ್ಟಿಗೆಗೆ ಅಂಟಿಸಿದರೆ ಹೊರಗಿನ ಮಾತು, ಟಿವಿ, ಆಟೋ ಯಾವುದೂ ಕೇಳುವುದಿಲ್ಲ. ಮಗ್ಗದ ಮೈಯಲ್ಲಿ ಹರಿಯುವ ನಡುಕ ಮಾತ್ರ ಕೇಳುತ್ತದೆ. ಆದರೆ ನೇರ ರೆಕಾರ್ಡರಿಗೆ ಚುಚ್ಚಿದರೆ ಕೆಳಗಿನ ಸ್ವರ ಸೋರಿಹೋಗಿ ಡಬ್ಬಿ ಬಡಿದ ಹಾಗಿರುತ್ತದೆ. ನಡುವೆ ಒಂದು ಚಿಕ್ಕ ಪ್ರಿಆಂಪ್, ಅಂದರೆ ಸಣ್ಣ ಸದ್ದನ್ನು ಹದಮಾಡಿ ರೆಕಾರ್ಡರಿಗೆ ಕೊಡುವ ಪೆಟ್ಟಿಗೆ ಬೇಕು. ಲಾಳಿ ಓಡುವ ಸರ್ರ್, ಹಣಿಗೆ ಬಡಿಯುವ ಠಕ್, ಕಾಲು ತುಳಿದಾಗ ಎಲ್ಲೋ ಒಳಗಿನಿಂದ ಬರುವ ಒಂದು ಕಿರ್ರ್. ಆ ಕಿರ್ರ್ ನನಗೆ ಬಹಳ ಹಿಡಿಸಿತು. ಸ್ವರ ಮಾಡಿಕೊಳ್ಳಬಹುದಾದ ಕಿರ್ರ್ ಅದು.

ಜಗ್ಗಲಿಗೆಯನ್ನು ಹಿಡಿಯಲು ಮಾತ್ರ ಧೈರ್ಯ ಬೇಕು. ಚಕ್ಕಡಿಯ ಗಾಲಿಗೆ ಎಮ್ಮೆಯ ಚರ್ಮ ಬಿಗಿದು ಮಾಡುವ ವಾದ್ಯ, ಹೋಳಿ ಬಂತೆಂದರೆ ಉರುಳಿಸಿಕೊಂಡು ಬರುತ್ತಾರೆ. ಹತ್ತಿರ ಹೋದರೆ ರೆಕಾರ್ಡರಿನ ಕೆಂಪು ದೀಪ ಉರಿದು ಶಬ್ದದ ತಲೆ ಕತ್ತರಿಸಿ ಹೋಗುತ್ತದೆ. ಈಗಿನ 32 ಬಿಟ್ ಫ್ಲೋಟ್ ರೆಕಾರ್ಡರುಗಳಲ್ಲಿ ಎಷ್ಟೇ ಜೋರಿದ್ದರೂ ಆಮೇಲೆ ಇಳಿಸಿಕೊಳ್ಳಬಹುದು ಅನ್ನುತ್ತಾರೆ. ನಿಜ, ಆದರೆ ಮೈಕಿನ ಪೊರೆಯೇ ಸೋತರೆ ಯಾವ ಬಿಟ್ಟೂ ಕಾಯುವುದಿಲ್ಲ. ನನ್ನ ಉಪಾಯ ಹಳೆಯದು: ಹಿಂದೆ ಸರಿದು ನಿಲ್ಲುವುದು.

ಒಬ್ಬರ ಜೊತೆ ಕೂಡಿ ಮಾಡುವಾಗ

ಶಬ್ದ ತಂದ ಮೇಲೆ ಒಬ್ಬನೇ ಕೂತು ಕತ್ತರಿಸುವುದು, ಜೋಡಿಸುವುದು, ಅಳಿಸುವುದು. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಬೆನ್ನು ನೋವು ಬಿಟ್ಟರೆ. ಇನ್ನೊಬ್ಬ ಕಲಾವಿದರ ಜೊತೆ ಮಾಡುವಾಗಲೇ ನಿಜವಾದ ಕಷ್ಟ, ನಿಜವಾದ ಕಲಿಕೆ.

ಮೊದಲ ತಂಟೆ ಶ್ರುತಿಯದು. ಲ್ಯಾಪ್‌ಟಾಪಿನ ಒಳಗಿರುವುದು ಹಾರ್ಮೋನಿಯಂ ಥರ ಒಂದು ಸಪ್ತಕಕ್ಕೆ ಹನ್ನೆರಡು ಸಮಭಾಗ. ಪಕ್ಕ ಪಕ್ಕದ ಮನೆಗಳ ನಡುವೆ 100 ಸೆಂಟ್ ಅಂತ ಲೆಕ್ಕ. ತಂಬೂರಿಗೆ ಕೂಡಿ ಹಾಡುವವರ ಶುದ್ಧ ಗಾಂಧಾರ ಷಡ್ಜಕ್ಕೆ 5:4ರ ಅನುಪಾತದಲ್ಲಿ ನಿಲ್ಲುತ್ತದೆ, ಅಂದರೆ 386 ಸೆಂಟ್. ಕೀಬೋರ್ಡಿನಲ್ಲಿ ಅದು 400. ಈ 14 ಸೆಂಟ್ ಬಹಳ ಕಡಿಮೆ ಅನ್ನಿಸಬಹುದು. ಧಾರವಾಡದ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತಲ್ಲ, ಆಗಿನ ಜಗಳದಲ್ಲಿ ಇದೂ ಒಂದು ಕಾರಣ. ನಾನು ಮಾಡುವುದಿಷ್ಟು. ಹಾಡುವವರ ಸ ಕೇಳುತ್ತೇನೆ, ಅವರು "ಕಪ್ಪು ನಾಲ್ಕು" (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ) ಅಂದರೆ ಸಿಂಥಸೈಜರನ್ನೇ ಅಲ್ಲಿಗೆ ತಂದು, ರಾಗದ ಒಂದೊಂದು ಸ್ವರವನ್ನೂ ಅವರ ದನಿಗೆ ಹೊಂದಿಸುತ್ತೇನೆ. ಯಂತ್ರ ಮನುಷ್ಯನ ಕಡೆ ಸರಿಯಬೇಕು. ಉಲ್ಟಾ ಮಾಡಿದವರ ಹಾಡು ಕೇಳಿದ್ದೇನೆ, ಹೆಸರು ಬೇಡ.

ಎರಡನೆಯದು ಲಯ. ಶಿಗ್ಗಾಂವಿ ಕಡೆ ತತ್ವಪದ ಹಾಡುವ ಒಬ್ಬ ಹಿರಿಯರಿಗೆ ಹೆಡ್‌ಫೋನ್ ಹಾಕಿ ತಾಳಕ್ಕೆ ಟಿಕ್ ಟಿಕ್ ಕೇಳಿಸಿದೆ, ಸ್ಟುಡಿಯೋದಲ್ಲಿ ಮಾಡುವ ಹಾಗೆ. ಎರಡು ಸಾಲು ಹಾಡಿ ನಿಲ್ಲಿಸಿದರು. "ತಮ್ಮಾ, ಈ ಟಿಕ್ ಟಿಕ್ ಬಂದ್ ಮಾಡು. ಪದ ಹೊಂಟಂಗ ಹೋಗ್ಲಿ." ಬಂದ್ ಮಾಡಿದೆ. ಏಕತಾರಿ ಹಿಡಿದು ಹಾಡಿದರು. ಮನೆಗೆ ಬಂದು ನೋಡಿದರೆ ಅರ್ಥದ ಮೇಲೆ ಭಾರ ಬೀಳುವ ಕಡೆ ಅವರ ಲಯ ಚೂರು ಹಿಂದೆ ಸರಿಯುತ್ತಿತ್ತು, ಪಲ್ಲವಿಗೆ ಬರುವಾಗ ಚುರುಕಾಗುತ್ತಿತ್ತು. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲವನ್ನೂ ಗೆರೆಗೆ ಕೂರಿಸುತ್ತದೆ. ಕೂರಿಸಿ ನೋಡಿದೆ. ಪದ ಸತ್ತುಹೋಯಿತು. ಆಮೇಲೆ ಗೆರೆಗಳನ್ನೇ ಅವರ ದನಿಯ ಪ್ರಕಾರ ಎಳೆದು, ನನ್ನ ತಾಳ ಅವರ ಹಿಂದೆ ನಡೆಯುವ ಹಾಗೆ ಮಾಡಿದೆ. ಎರಡು ವಾರದ ಕೆಲಸ. ಅಜ್ಜಾರು ಅದನ್ನು ಹಾಡಿದ್ದು ಆರು ನಿಮಿಷದಲ್ಲಿ.

ದೂರದ ಊರಿನವರ ಜೊತೆ ಮಾಡುವಾಗ ಫೈಲುಗಳು ಓಡಾಡುತ್ತವೆ. ಒಂದೊಂದು ವಾದ್ಯವನ್ನೂ ಬೇರೆ ಫೈಲು ಮಾಡಿ, ಎಲ್ಲವೂ ಸೊನ್ನೆಯಿಂದ ಶುರುವಾಗುವ ಹಾಗೆ ಕಳಿಸಿದರೆ ಆ ಕಡೆಯವರು ಹಾಗೇ ಜೋಡಿಸಿಕೊಳ್ಳಬಹುದು. ಇವಕ್ಕೆ ಸ್ಟೆಮ್ ಅನ್ನುತ್ತೇವೆ. ವಾಟ್ಸಾಪಿನಲ್ಲಿ ಆಡಿಯೋ ಅಂತ ಕಳಿಸಬೇಡಿ, ಅದು ಹಿಂಡಿ ಕಳಿಸುತ್ತದೆ.

ಈ ಶಬ್ದ ಯಾರದು?

ಇಲ್ಲಿಗೆ ಬಂದಾಗ ನನ್ನಂಥವರಲ್ಲಿ ಬಹಳ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ. "ಜಾನಪದ ಅಲ್ವಾ, ಎಲ್ಲರದೂ" ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ಅರ್ಧ ನಿಜ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳಿಗೆ ಈಗ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಅಜ್ಜಾರು ಹಾಡಿದ ಆ ಆರು ನಿಮಿಷ ಬೇರೆ ವಸ್ತು.

ನಮ್ಮ ಕಾಯ್ದೆಯಲ್ಲಿ ಒಂದು ರೆಕಾರ್ಡಿಂಗ್‌ನೊಳಗೆ ಹಲವು ಹಕ್ಕುಗಳು ಒಂದರ ಮೇಲೊಂದು ಕೂತಿರುತ್ತವೆ. ಸಾಹಿತ್ಯ ಮತ್ತು ರಾಗ ಕಟ್ಟಿದವರದ್ದು ಒಂದು. ರೆಕಾರ್ಡಿಂಗ್‌ನದು ಇನ್ನೊಂದು. ಈ ಎರಡನೆಯದು ಮುಂದೆ ನಿಂತು, ಜವಾಬ್ದಾರಿ ಹೊತ್ತು ರೆಕಾರ್ಡಿಂಗ್ ಮಾಡಿಸಿದವರಿಗೆ ಸೇರುತ್ತದೆ, ಪ್ರಕಟವಾದ ಮೇಲೆ 60 ವರ್ಷ. ಅಂದರೆ ಹಾಡಿದವರಿಗಲ್ಲ, ಮೈಕ್ ಹಿಡಿದ ನನಗೆ! ಮೊದಲ ಸಲ ಓದಿದಾಗ ನನಗೇ ಮುಜುಗರ ಆಯಿತು. ಹಾಡಿದವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆ ಇದೆ, 50 ವರ್ಷದ್ದು. 2012ರ ತಿದ್ದುಪಡಿ ಆದ ಮೇಲೆ ಅವರ ಹಾಡನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಕೇಳುವ ಹಕ್ಕೂ, ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಅವರಿಗಿದೆ. ಇದು ಹಳ್ಳಿಯ ಹಾಡುಗಾರರಿಗೆ ಗೊತ್ತಿರುವುದು ಕಡಿಮೆ. ಗೊತ್ತಿಲ್ಲ ಅಂತ ನಾವು ಸುಮ್ಮನಿದ್ದರೆ ಅದು ಕಳ್ಳತನವೇ, ಬೇರೆ ಹೆಸರು ನನಗೆ ತಿಳಿಯದು.

ಅದಕ್ಕೇ ಒಂದು ಪುಟದ ಒಪ್ಪಂದದ ಕಾಗದ, ಕನ್ನಡದಲ್ಲಿ. ಓದಿ ಹೇಳುತ್ತೇನೆ, ಮಗನೋ ಮೊಮ್ಮಗಳೋ ಜೊತೆಗಿದ್ದರೆ ಒಳ್ಳೆಯದು. ಅವತ್ತಿನ ದುಡ್ಡು ಅವತ್ತೇ. ಆಮೇಲೆ ಬಂದದ್ದರಲ್ಲಿ ಅರ್ಧ. ಕೆಲವು ಕಡೆ ಕಾಗದ ತೆಗೆಯದೆಯೇ ವಾಪಸ್ ಬಂದಿದ್ದೇನೆ. ಚೌಡಿಕೆ ಪದಗಳು ಎಲ್ಲಮ್ಮನ ಸೇವೆಯವು, ಹಾಡುವವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಎಲ್ಲ ಶಬ್ದಕ್ಕೂ ಬೀಟ್ ಹಚ್ಚಬೇಕು ಅಂತ ಎಲ್ಲಿದೆ?

ಹೆಸರಿನ ವಿಷಯ ಸಣ್ಣದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ತಾವೇ ಕೂಗಿ ಹೇಳುತ್ತಿದ್ದರು. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳು ಬಂದದ್ದು ಗಾಂಧಾರಿ ಅನ್ನುವ ಹೆಸರಿನಲ್ಲಿ. ಈಗ ಆನ್‌ಲೈನಿನಲ್ಲಿ ಎಷ್ಟೋ ಹಾಡುಗಳಿಗೆ ಕಲಾವಿದರ ಜಾಗದಲ್ಲಿ "ಸಾಂಪ್ರದಾಯಿಕ" ಅಂತ ಇರುತ್ತದೆ. ಸಂಪ್ರದಾಯ ಬಂದು ಮೈಕಿನ ಮುಂದೆ ಕೂತಿರಲಿಲ್ಲ, ಅಲ್ವಾ?

ಊರ ಹೊರಗೆ ಕಳಿಸುವುದು

ಹಾಡು ಮುಗಿದ ಮೇಲೆ ಕೊನೆಯ ಹದ ಕೊಡುವುದಕ್ಕೆ ಮಾಸ್ಟರಿಂಗ್ ಅನ್ನುತ್ತಾರೆ. ಜೋರಾಗಿ ಮಾಡಿದರೆ ಗೆದ್ದೆವು ಅನ್ನುವ ಕಾಲ ಹೋಯಿತು. ಹಾಡು ಕೇಳುವ ಆಪ್ ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಅನ್ನುವ ಒಂದೇ ಮಟ್ಟಕ್ಕೆ ತರುತ್ತದೆ. ನೀವು ಕಿರುಚಿದ್ದರೆ ಅದೇ ಇಳಿಸುತ್ತದೆ. ನನ್ನ ಚಿಂತೆ ಬೇರೆ. ಜನ ಕೇಳುವುದು ಫೋನಿನ ಸ್ಪೀಕರಿನಲ್ಲಿ. ಆ ಚಿಕ್ಕ ಸ್ಪೀಕರಿನಲ್ಲಿ ಜಗ್ಗಲಿಗೆಯ ಗುಡುಗು ಬರುವುದೇ ಇಲ್ಲ. ಇದಕ್ಕೊಂದು ಕಿವಿಯ ಮಾಯೆ ಇದೆ. 100 ಕಂಪನದ ಒಂದು ಸ್ವರದ ಜೊತೆ 200, 300, 400 ಹೀಗೆ ಮೇಲಿನ ಮರಿಸ್ವರಗಳೂ ಇರುತ್ತವೆ. ತಾಯಿಸ್ವರ 100 ಅನ್ನು ತೆಗೆದುಹಾಕಿದರೂ ಮರಿಗಳು ಇದ್ದರೆ ಸಾಕು, ಮಿದುಳು ತಾಯಿಯನ್ನು ತಾನೇ ಕಲ್ಪಿಸಿಕೊಂಡು ಕೇಳುತ್ತದೆ. ಅದಕ್ಕೆ ಜಗ್ಗಲಿಗೆಗೆ ಬೇಕೆಂದೇ ಸ್ವಲ್ಪ ಒರಟು ಸೇರಿಸಿ ಮರಿಸ್ವರಗಳನ್ನು ಎಬ್ಬಿಸುತ್ತೇನೆ. ಫೋನಿನಲ್ಲೂ ಗುಡುಗು ಇದೆ ಅನ್ನಿಸುತ್ತದೆ. ಇಲ್ಲ, ಆದರೆ ಅನ್ನಿಸುತ್ತದೆ.

ಆಮೇಲೆ ಒಬ್ಬ ಡಿಸ್ಟ್ರಿಬ್ಯೂಟರ್ ಮೂಲಕ ಹಾಡು ಎಲ್ಲ ಆಪ್‌ಗಳಿಗೆ ಹೋಗುತ್ತದೆ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಗುರುತು, ಆಧಾರ್ ನಂಬರಿನ ಹಾಗೆ. ದುಡ್ಡಿನ ಲೆಕ್ಕ ಅದರ ಮೇಲೆ. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡು 12 ತಿಂಗಳಲ್ಲಿ 1,000 ಸಲ ಕೇಳಿಸದಿದ್ದರೆ ಅದಕ್ಕೆ ರೆಕಾರ್ಡಿಂಗ್‌ನ ರಾಯಲ್ಟಿ ಇಲ್ಲ. ಎಂಟು ನಿಮಿಷದ ಹೆಬ್ಬಾತಿಗೆ ಸಾವಿರ ಕಿವಿ ಸಿಗುವುದು ಸುಲಭ ಅಲ್ಲ. ಕಲಾವಿದರೇ ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪಿನಲ್ಲಿ ಲೆಕ್ಕ ನೇರ. ಕೇಳುಗರು ಆಲ್ಬಮ್ ಕೊಳ್ಳುತ್ತಾರೆ, ಡಿಜಿಟಲ್ ಮಾರಾಟದಲ್ಲಿ ತಾಣಕ್ಕೆ 15 ಶೇಕಡ, ಪಾವತಿ ಶುಲ್ಕ ಬೇರೆ, ಉಳಿದದ್ದು ನಮಗೆ. ಅಜ್ಜಾರಿಗೆ ಅರ್ಧ ಕಳಿಸುತ್ತೇನೆ ಅಂದೆನಲ್ಲ, ಹಾಗೆ ಕಳಿಸುವಷ್ಟು ಏನಾದರೂ ಬಂದಿದ್ದರೆ ಇಲ್ಲಿಂದಲೇ.

ಒಂದು ಪಾಠ ಕೂಡ ಇದೆ. ಶುರುವಿನಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ತಂಬೂರಿ ಲೂಪ್ ಬಳಸಿ ಟ್ರ್ಯಾಕ್ ಹಾಕಿದ್ದೆ. ಮೂರೇ ದಿನದಲ್ಲಿ ಒಂದು ತಾಣ ಅದನ್ನು ತೆಗೆದುಹಾಕಿತು, ಇದು ಬೇರೆಯವರ ಹಾಡು ಅಂತ. ಅಲ್ಲಿ ಹೋಲಿಸುವುದು ಯಂತ್ರ. ಹಾಡಿನ ಧ್ವನಿಯಿಂದ ಬೆರಳಚ್ಚಿನಂಥ ಗುರುತು ತೆಗೆದು ಪಟ್ಟಿಗೆ ತಾಳೆ ಹಾಕುತ್ತದೆ. ಅದೇ ಲೂಪನ್ನು ನನಗಿಂತ ಮೊದಲು ಯಾರೋ ಹಾಕಿದ್ದರು, ಕಳ್ಳ ನಾನಾದೆ. ಅವತ್ತಿನಿಂದ ಬೇರೆಯವರ ಲೂಪ್ ಮುಟ್ಟಿಲ್ಲ. ಬೆಟಗೇರಿಯ ಆ ಮಗ್ಗದ ಬೆರಳಚ್ಚು ಇನ್ನೊಬ್ಬರ ಹತ್ತಿರ ಇರಲು ಸಾಧ್ಯವಿಲ್ಲ.

ಆ ಟ್ರ್ಯಾಕ್ ಹೊರಬಂದಾಗ ಮೊದಲು ನೇಕಾರರಿಗೇ ಕೇಳಿಸಲು ಹೋದೆ. ಫೋನು ಕಿವಿಗೆ ಹಿಡಿದು ಪೂರ್ತಿ ಕೇಳಿದರು. ನನ್ನ ಬೀಟ್, ನನ್ನ ಸಿಂಥ್, ಎರಡು ವಾರ ತಿದ್ದಿದ ಎಲ್ಲವನ್ನೂ ದಾಟಿ ಅವರ ಕಿವಿ ಒಂದೇ ಕಡೆ ಹೋಯಿತು, ನಾನು ಸ್ವರ ಮಾಡಿಕೊಂಡಿದ್ದ ಆ ಕಿರ್ರ್ ಮೇಲೆ. "ಛೇ, ಎಣ್ಣಿ ಹಾಕಬೇಕಾಗಿತ್ತು" ಅಂದರು.

ಮುಂದಿನ ತಿಂಗಳು ಪೀಜೋ ತಗೊಂಡು ಮತ್ತೆ ಹೋದೆ. ಎಣ್ಣೆ ಹಾಕಿದ್ದರು.